ತೋಟದ ಮೇಲೆ ಹಾರಿದ ಲೇಸರ್: 1,65,200 ರೂಪಾಯಿಗೆ ನಮಗೆ ಸಿಕ್ಕಿದ್ದೇನು?

ಬಿಲ್ಲಿನ ಮಾತು ಮೊದಲೇ ಆಡಿಬಿಡುತ್ತೇನೆ, ಊರಲ್ಲಿ ಸಿಕ್ಕವರೆಲ್ಲ ಕೇಳಿದ್ದು ಅದನ್ನೇ. ತೋಟಗಳಿಗೆ ರಸ್ತೆ ಮಾಡಲು, ಡ್ರೋನಿಗೆ ಲೇಸರ್ ಕಟ್ಟಿ ನಮ್ಮ ಗುಡ್ಡ ಅಳೆದುಕೊಟ್ಟದ್ದಕ್ಕೆ 1,40,000 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ, ಒಟ್ಟು 1,65,200. ಆರು ಮನೆಯವರು ಹಂಚಿಕೊಂಡೆವು. ಮನೆಗೆ 27,533 ರೂಪಾಯಿ, ಮೇಲೆ ಮೂವತ್ತಮೂರು ಪೈಸೆ. ಆ ಪೈಸೆ ಯಾರು ಕೊಡಬೇಕು ಅಂತ ಒಂದು ಸಂಜೆ ತಮಾಷೆಯೂ ನಡೆಯಿತು. ಏಳನೆಯವರೊಬ್ಬರಿದ್ದಾರೆ. ರಸ್ತೆಯಿಂದ ಅವರಿಗೂ ಅನುಕೂಲವಿದೆ, ಆದರೆ "ಈ ಹೆಲಿಕಾಪ್ಟರ್ ಆಟಕ್ಕೆಲ್ಲ ನನ್ನ ಹತ್ರ ದುಡ್ಡಿಲ್ಲ ಮಾರಾಯ್ರೆ" ಅಂದುಬಿಟ್ಟರು. ಅವರ ವಿಷಯ ಕೊನೆಗೆ ಬರುತ್ತದೆ. ಕಂಪನಿಯ ಹೆಸರು ಹಾಕುವುದಿಲ್ಲ. ಬೈಯುವುದೂ ಇದೆ, ಹೊಗಳುವುದೂ ಇದೆ. ಹೆಸರು ಹಾಕಿದರೆ ಬೈದದ್ದಕ್ಕೆ ನೋಟಿಸು ಬರುತ್ತದೆ, ಹೊಗಳಿದ್ದಕ್ಕೆ ಕಮಿಷನ್ ತಗೊಂಡ ಅನ್ನುತ್ತಾರೆ.

ನಾನು ಲೋಕೋಪಯೋಗಿ ಇಲಾಖೆಯಲ್ಲಿ 31 ವರ್ಷ ರಸ್ತೆ ಅಳೆದವನು. ಹೆಗಲ ಮೇಲೆ ನೆಲದ ಎತ್ತರ (ಲೆವೆಲ್) ನೋಡುವ ದುರ್ಬೀನು ಡಂಪಿ ಲೆವೆಲ್, ಕಂಕುಳಲ್ಲಿ ಲೆವೆಲ್ ಬುಕ್ಕು, ಕಾಲಿಗೆ ಉಂಬಳ ಹತ್ತದಂತೆ ಸುಣ್ಣ, ಹೊಗೆಸೊಪ್ಪು. ಈಗ ಮೂಡಿಗೆರೆ ತಾಲ್ಲೂಕಿನಲ್ಲಿ, ಕೊಟ್ಟಿಗೆಹಾರಕ್ಕೆ ಸ್ವಲ್ಪ ಈಚೆ, 14 ಎಕರೆ ರೊಬಸ್ಟಾ ನೋಡಿಕೊಂಡಿದ್ದೇನೆ. ಹಾಗಾಗಿ ಈ ವಿಮರ್ಶೆ ಡ್ರೋನ್ ಕಂಡು ಬಾಯಿ ಬಿಟ್ಟವನದ್ದಲ್ಲ. ಅದು ಕೊಟ್ಟ ಲೆವೆಲ್ಲು ಸರಿಯೋ ತಪ್ಪೋ ಅಂತ ಮೂರು ದಿನ ಸ್ಟಾಫ್, ಅಂದರೆ ಅಳತೆ ಕೋಲು, ಹಿಡಿಸಿ ನೋಡಿದವನದ್ದು.

ರಸ್ತೆಯ ಸಂಗತಿ ಇಷ್ಟು. ಟಾರು ರಸ್ತೆಯಿಂದ ಮೇಲಿನ ತೋಟಗಳಿಗೆ ಒಂದು ಜೀಪು ದಾರಿ ಇತ್ತು, 1.4 ಕಿಲೋಮೀಟರ್. ಅಷ್ಟರಲ್ಲೇ 135 ಮೀಟರ್ ಏರಬೇಕು. ಕೆಲವು ಕಡೆ ಆರಕ್ಕೆ ಒಂದರ ಏರು, ಅಂದರೆ ಆರು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ. 2019ರ ಆಗಸ್ಟಿನಲ್ಲಿ, ಚಾರ್ಮಾಡಿ ಘಾಟಿ ಕುಸಿದು ಬಿದ್ದ ಅದೇ ಆಶ್ಲೇಷ ಮಳೆಯಲ್ಲಿ, ನಮ್ಮ ದಾರಿಯ ಮಧ್ಯದ ನಲವತ್ತು ಅಡಿಯೂ ಹಳ್ಳಕ್ಕೆ ಹೋಯಿತು. ಆಮೇಲೆ ಮಣ್ಣು ತುಂಬಿ ಹೇಗೋ ಓಡಿಸುತ್ತಿದ್ದೇವೆ. ಕೊಯ್ಲಿನ ಕಾಲದಲ್ಲಿ ಫೋರ್‌ವೀಲ್ ಜೀಪು ಬಿಟ್ಟು ಬೇರೇನೂ ಹತ್ತುವುದಿಲ್ಲ. ಮಳೆಗಾಲದಲ್ಲಿ ಹುಷಾರಿಲ್ಲದವರನ್ನು ಕುರ್ಚಿಯಲ್ಲಿ ಕೂರಿಸಿಕೊಂಡು ಇಳಿಸಿದ್ದೂ ಇದೆ.

ಗುಡ್ಡಗಾಡಿನ ರಸ್ತೆಗೆ, ರಸ್ತೆಗಳ ಮಾನದಂಡ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಸಾಮಾನ್ಯ ಏರು ಇಪ್ಪತ್ತಕ್ಕೆ ಒಂದು, ಶೇ. 5. ಅನಿವಾರ್ಯವಾದರೆ ಶೇ. 6. ತೀರಾ ದಿಕ್ಕಿಲ್ಲದ ಕಡೆ ಸ್ವಲ್ಪ ದೂರಕ್ಕೆ ಮಾತ್ರ ಶೇ. 7. ಹೇರ್‌ಪಿನ್ ತಿರುವು ಬಂದರೆ ಒಳ ಅಂಚಿಗೆ ಕನಿಷ್ಠ 14 ಮೀಟರ್ ತ್ರಿಜ್ಯ, ಆ ತಿರುವಿನಲ್ಲಿ ಏರು ನಲವತ್ತಕ್ಕೆ ಒಂದನ್ನು ಮೀರಬಾರದು, ಒಂದು ಹೇರ್‌ಪಿನ್ನಿಗೂ ಮುಂದಿನದಕ್ಕೂ 60 ಮೀಟರ್ ಅಂತರ ಇರಬೇಕು. ತೋಟದ ರಸ್ತೆಗೆ ಇದನ್ನೆಲ್ಲ ಯಾರು ಕೇಳುತ್ತಾರೆ ಅನ್ನಬಹುದು. ಹಿಟಾಚಿಯವನು ಕೇಳುವುದಿಲ್ಲ, ನಿಜ. ಲೋಡಾದ ಪಿಕಪ್ಪಿನ ಬ್ರೇಕು ಕೇಳುತ್ತದೆ. 135 ಮೀಟರನ್ನು ಶೇ. 5ರ ಆಸುಪಾಸಿನಲ್ಲಿ ಹತ್ತಬೇಕಾದರೆ ರಸ್ತೆ 2.6 ಕಿಲೋಮೀಟರ್ ಆಗಬೇಕು, ಅದನ್ನು ಗುಡ್ಡದ ಮೈಮೇಲೆ ಎಲ್ಲಿ ಮಡಚುವುದು ಅಂತ ತಿಳಿಯಬೇಕಾದರೆ ಇಡೀ ಗುಡ್ಡದ ಉಬ್ಬುತಗ್ಗು ಕೈಯಲ್ಲಿರಬೇಕು.

ಮೊದಲು ಚಿಕ್ಕಮಗಳೂರಿನಿಂದ ಟೋಟಲ್ ಸ್ಟೇಷನ್ನಿನವರನ್ನು ಕರೆಸಿ ಕೇಳಿದೆವು. 48,000 ರೂಪಾಯಿ, 18 ದಿನ. ಅಗ್ಗವೇ. ಆದರೆ ಟೋಟಲ್ ಸ್ಟೇಷನ್ ಅಂದರೆ ಮುಕ್ಕಾಲಿ ಮೇಲಿಟ್ಟು ದೂರ, ಕೋನ ಅಳೆಯುವ ಯಂತ್ರ, ಅದಕ್ಕೆ ಅಳೆಯುವ ಜಾಗ ನೇರ ಕಾಣಬೇಕು. ಕಾಫಿ, ಮೆಣಸಿನ ಬಳ್ಳಿ, ಹಲಸು, ಸಿಲ್ವರ್ ಓಕು ಒತ್ತಾಗಿರುವ ತೋಟದಲ್ಲಿ ಅದು ಕಾಣುವುದು ಗೆರೆ ಕಡಿದರೆ ಮಾತ್ರ. ಮೇಲಿನ ತೋಟದ ಅಕ್ಕ ಒಂದೇ ಮಾತಿನಲ್ಲಿ ಮುಗಿಸಿದರು: "ಅಳತೆ ಮಾಡಿ ಬೇಡ ಅನ್ನಲ್ಲ. ಕತ್ತಿ ಹಿಡ್ಕೊಂಡು ನಮ್ಮ ತೋಟಕ್ಕೆ ಕಾಲಿಡಬೇಡಿ." ಕಾಫಿಗೂ ಮೆಣಸಿಗೂ ಈಗಿನ ಬೆಲೆ ನೋಡಿದರೆ ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಹಾಗೆ ಬೆಂಗಳೂರಿನ ಡ್ರೋನ್ ಕಂಪನಿ ಬಂತು.

ಫೆಬ್ರವರಿಯಲ್ಲಿ ಬಂದರು, ಕೊಯ್ಲು ಮುಗಿದು ಹೂಮಳೆ ಇನ್ನೂ ಬಿದ್ದಿರಲಿಲ್ಲ. ಮೂರು ಜನ: ಹುಬ್ಬಳ್ಳಿ ಕಡೆಯ ಪೈಲಟ್ ಹುಡುಗ, ಜಿಪಿಎಸ್ ನೋಡಿಕೊಳ್ಳುವ ತುಮಕೂರಿನ ಹುಡುಗಿ, ಒಬ್ಬ ಡ್ರೈವರ್. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಏಳೂವರೆಗೇ ಕಣಕ್ಕೆ ಹಾಜರು. ಈ ಒಂದಕ್ಕೆ ಪೂರ್ತಿ ಅಂಕ. ನಮ್ಮ ಕಾಲದ ಸರ್ವೆ ಪಾರ್ಟಿ ಹತ್ತು ಗಂಟೆಗೆ ಮುಂಚೆ ಜೀಪು ಹತ್ತಿದ್ದು ನಾನು ಕಂಡಿಲ್ಲ. ಆದರೆ ಬಂದವರು ಒಂಬತ್ತೂವರೆವರೆಗೆ ಸುಮ್ಮನೆ ಕೂತರು. "ಮಂಜು ಹೋಗೂ ಮಟ ಏನೂ ಮಾಡಾಕ ಬರಂಗಿಲ್ರಿ ಸರ್" ಅಂದ ಹುಡುಗ. ಲೇಸರ್ ಅಂದರೆ ಬೆಳಕೇ ತಾನೇ. ಮಂಜಿನ ಹನಿಗೆ ಬಡಿದು ಅಲ್ಲಿಂದಲೇ ವಾಪಸು ಬಂದರೆ ಗುಡ್ಡದ ಬದಲು ಮೋಡ ಅಳೆದ ಹಾಗಾಗುತ್ತದೆ. ಕಾಯುತ್ತಾ ಕೂತಾಗ ಹುಡುಗ ತನ್ನ ಪೈಲಟ್ ಸರ್ಟಿಫಿಕೇಟನ್ನೂ ಡ್ರೋನಿನ ನೋಂದಣಿಯನ್ನೂ ತಾನಾಗಿಯೇ ತೋರಿಸಿದ. 2021ರ ಡ್ರೋನ್ ನಿಯಮದ ಪ್ರಕಾರ ಹಸಿರು ವಲಯದಲ್ಲಿ 400 ಅಡಿವರೆಗೆ ಹಾರಿಸಲು ಬೇರೆ ಅನುಮತಿ ಬೇಡವಂತೆ. ಮೇಲಿನ ಕಾಡಿನ ಅಂಚಿಗೆ ಹೋಗದಂತೆ ಮೊದಲೇ ಗೆರೆ ಹಾಕಿಕೊಂಡಿದ್ದ.

ಇನ್ನು ಕೆಲಸ ಹೇಗೆ ಅಂತ. ಒಂದು ಕಿಲೋ ಚಿಲ್ಲರೆ ತೂಕದ ಡಬ್ಬಿ, ಅದರೊಳಗಿಂದ ಕಣ್ಣಿಗೆ ಕಾಣದ ಬೆಳಕಿನ ಮಿಡಿತ ಸೆಕೆಂಡಿಗೆ ಲಕ್ಷಗಟ್ಟಲೆ ಕೆಳಕ್ಕೆ ಹೊಡೆಯುತ್ತದೆ. ಬೆಳಕು ಹೋಗಿ ಬರಲು ಹಿಡಿದ ಹೊತ್ತೇ ದೂರ. ಬೆಳಕು ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡುವುದರಿಂದ, ಗಡಿಯಾರ ಒಂದು ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು ತಪ್ಪಿದರೂ ಅಳತೆ 15 ಸೆಂಟಿಮೀಟರ್ ತಪ್ಪುತ್ತದೆ. ಡ್ರೋನ್ ಗಾಳಿಗೆ ಎಷ್ಟು ವಾಲಿತು ಅಂತ ಒಂದು ಯಂತ್ರ ಬರೆದುಕೊಳ್ಳುತ್ತಿರುತ್ತದೆ, ಎಲ್ಲಿದೆ ಅಂತ ಜಿಪಿಎಸ್ ಹೇಳುತ್ತದೆ, ಆ ಜಿಪಿಎಸ್ಸಿನ ತಪ್ಪನ್ನು ತಿದ್ದಲು ನಮ್ಮ ಕಣದಲ್ಲಿ ಮುಕ್ಕಾಲಿ ಮೇಲೆ ಇನ್ನೊಂದು ಜಿಪಿಎಸ್ ಕೂತಿರುತ್ತದೆ. ನನಗೆ ಹಿಡಿಸಿದ್ದು ಬೇರೆ ಸಂಗತಿ. ಒಂದೇ ಮಿಡಿತ ಹಲವು ಸಲ ವಾಪಸು ಬರುತ್ತದೆ. ಸ್ವಲ್ಪ ಬೆಳಕು ಸಿಲ್ವರ್ ಓಕಿನ ತುದಿಗೆ ತಾಗಿ ಬರುತ್ತದೆ, ಉಳಿದದ್ದು ಸಂದಿಯಲ್ಲಿ ನುಸುಳಿ ಮೆಣಸಿನ ಬಳ್ಳಿಗೆ, ಅದರಲ್ಲೂ ಉಳಿದದ್ದು ಕಾಫಿ ರೆಕ್ಕೆಗೆ (ಗಿಡದ ಅಡ್ಡ ಕೊಂಬೆಗೆ), ಕಡೆಗೆ ಅಷ್ಟಿಷ್ಟು ನೆಲಕ್ಕೆ. ಆ ಕಡೆಯ ಬೆಳಕನ್ನಷ್ಟೇ ಜರಡಿ ಹಿಡಿದರೆ ಗಿಡಮರ ಎಲ್ಲ ಹೋಗಿ ಬೋಳು ಗುಡ್ಡ ಉಳಿಯುತ್ತದೆ. ಒಂದು ರೆಂಬೆ ಕಡಿಯದೆ!

1802ರಲ್ಲಿ ಬ್ರಿಟಿಷ್ ಸರ್ವೆಯರ್ ಲ್ಯಾಂಬ್ಟನ್ ಮದ್ರಾಸಿನಲ್ಲಿ ಶುರು ಮಾಡಿ, ನೆಲ ಅಳೆಯಲು ಮಂಗಳೂರಿನವರೆಗೆ ತ್ರಿಕೋನ ಎಳೆದಾಗ ಹೊತ್ತು ತಿರುಗಿಸಿದ, ಕೋನ ಅಳೆಯುವ ಥಿಯೋಡೊಲೈಟು ಅರ್ಧ ಟನ್ ತೂಗುತ್ತಿತ್ತು. ಆ ಹೆಣಭಾರ ಹೊತ್ತ ಕೂಲಿಯವರ ಹೆಸರು ಯಾವ ನಕ್ಷೆಯಲ್ಲೂ ಇಲ್ಲ. ಡ್ರೋನ್ ಮೇಲೆದ್ದಾಗ ಯಾಕೋ ಅದು ನೆನಪಾಯಿತು.

ಹಾರಾಟ ಐದು ಸಲ, ಒಂದೊಂದು ಇಪ್ಪತ್ತು ನಿಮಿಷದ ಮೇಲೆ. ಗುಡ್ಡ ಏರಿದ ಹಾಗೆ ಡ್ರೋನೂ ಏರುತ್ತಾ, ನೆಲದಿಂದ 80 ಮೀಟರ್ ಎತ್ತರ ಕಾಯ್ದುಕೊಂಡು ಸುಮಾರು 130 ಎಕರೆ ಉತ್ತು ಬಿಟ್ಟಿತು. ಒಂದೇ ದಿನಕ್ಕೆ ಮುಗಿಯಬೇಕಿತ್ತು, ಒಂದೂವರೆ ದಿನವಾಯಿತು. ಮಧ್ಯಾಹ್ನದ ಹೊತ್ತಿಗೆ, ಆನೆ ಸುಳಿವು ಕೊಡುವ ನಮ್ಮ ಮೊಬೈಲ್ ಗ್ರೂಪಿನಲ್ಲಿ "ಒಂಟಿ ಸಲಗ ಮೇಲಿನ ಹಳ್ಳದ ಹತ್ತಿರ" ಅಂತ ಸಂದೇಶ ಬಂತು. ಆ ಕಡೆ ಗುರುತಿನ ಹಾಳೆ ಹಾಸಲು ಹೊರಟಿದ್ದ ತುಮಕೂರಿನ ಹುಡುಗಿಯನ್ನು ನಮ್ಮ ರೈಟರ್, ತೋಟದ ಲೆಕ್ಕ ನೋಡಿಕೊಳ್ಳುವವರು, ಓಡಿಹೋಗಿ ಕರೆತಂದರು. ಗುರುತಿನ ಹಾಳೆ ಅಂದರೆ ಕಪ್ಪುಬಿಳಿ ಚೌಕದ ಪ್ಲಾಸ್ಟಿಕ್. ಅದರ ನಡುಬಿಂದುವನ್ನು ನೆಲದ ಮೇಲೆ ಸರಿಯಾಗಿ ಅಳೆದಿಟ್ಟು, ಆಮೇಲೆ ಲೇಸರ್ ಹೇಳುವುದಕ್ಕೆ ತಾಳೆ ನೋಡುತ್ತಾರೆ. ಒಂಬತ್ತು ಹಾಸಿದ್ದರು, ಒಂದನ್ನು ಮಂಗ ಎತ್ತಿಕೊಂಡು ಸಿಲ್ವರ್ ಓಕಿನ ತುದಿಗೆ ಹೋಯಿತು. "ಅದರ ಲೆವೆಲ್ಲೂ ಬರ್ಕೊಳ್ಳಮ್ಮ" ಅಂದೆ. ಪಾಪ, ನಗು ಬರಲಿಲ್ಲ ಅವಳಿಗೆ.

ಹೊಲದ ಕೆಲಸ ಇಷ್ಟು ಚುರುಕು. ಆಫೀಸಿನ ಕೆಲಸಕ್ಕೆ ಬಂದಾಗ ಕಂಪನಿ ಥೇಟ್ ನಮ್ಮ ಇಲಾಖೆಯೇ.

ಏಳು ದಿನದಲ್ಲಿ ಕೊಡುತ್ತೇವೆ ಅಂದವರು ಹದಿನೈದು ದಿನ ಮಾಡಿದರು. ಬಂದ ಮೊದಲ ಫೈಲು ತೆರೆದರೆ ನಮ್ಮ ಮನೆ ಎಂಬತ್ತಕ್ಕೂ ಹೆಚ್ಚು ಮೀಟರ್ ಕೆಳಗಿಳಿದು ಕೂತಿದೆ! ಟಾರು ರಸ್ತೆಯ ಮೋರಿ ಮೇಲೆ ನಾನೇ ಸರ್ವಿಸಿನಲ್ಲಿದ್ದಾಗ ಕೊಟ್ಟ ಬೆಂಚ್ ಮಾರ್ಕ್, ಅಂದರೆ ಎತ್ತರದ ಗುರುತು, ಇದೆ, ಅದಕ್ಕೂ ಇದಕ್ಕೂ ತಾಳೆಯೇ ಇಲ್ಲ. ಫೋನ್ ಮಾಡಿದೆ. ಆ ಕಡೆಯ ಮಹನೀಯ "ಸರ್, ಡೇಟಾ ಕರೆಕ್ಟಾಗಿದೆ" ಅಂದ. ಕರೆಕ್ಟೇ, ಆದರೆ ಯಾವ ಲೆಕ್ಕದಲ್ಲಿ? ಜಿಪಿಎಸ್ ಎತ್ತರ ಹೇಳುವುದು ಭೂಮಿಯನ್ನು ನುಣ್ಣನೆಯ ಮೊಟ್ಟೆಯಾಕಾರ ಅಂತ ಇಟ್ಟುಕೊಂಡು. ನಾವು ಅಳೆಯುವುದು ಸಮುದ್ರಮಟ್ಟದಿಂದ. ದಕ್ಷಿಣ ಭಾರತದಲ್ಲಿ ಸಮುದ್ರಮಟ್ಟದ ಮೇಲ್ಮೈ ಆ ಮೊಟ್ಟೆಗಿಂತ ಬಹಳ ಕೆಳಗಿದೆ, ನಮ್ಮ ಕಡೆ 80 ಮೀಟರಿಗೂ ಹೆಚ್ಚು. ಆ ತಿದ್ದುಪಡಿ ಹಾಕುವುದನ್ನೇ ಮರೆತಿದ್ದರು. ಇಡೀ ಗುಡ್ಡ ಒಟ್ಟಿಗೆ ಇಳಿದದ್ದರಿಂದ ಏರಿನ ಲೆಕ್ಕಕ್ಕೆ ದೋಷವಿಲ್ಲ, ಟಾರು ರಸ್ತೆಗೆ ಜೋಡಿಸುವ ಕಡೆ ಮಾತ್ರ ಪ್ರಮಾದ. ಅದನ್ನು ತಿದ್ದಿ ಕಳಿಸಲು ಇನ್ನೂ ನಾಲ್ಕು ದಿನ. ನಾನು ನೋಡದೆ ಇದ್ದಿದ್ದರೆ? ಇದನ್ನು ಅವರನ್ನೇ ಕೇಳಿದೆ, ಉತ್ತರ ಬರಲಿಲ್ಲ.

ಆಮೇಲೆ ನನ್ನ ಪರೀಕ್ಷೆ. ರೈಟರ್ ಕೈಗೆ ಸ್ಟಾಫ್ ಕೊಟ್ಟು, ಹಳೆಯ ಡಂಪಿ ಲೆವೆಲ್ ಒರೆಸಿ, ಮೂರು ದಿನದಲ್ಲಿ 42 ಕಡೆ ಲೆವೆಲ್ ತೆಗೆದೆ. ಬಯಲಿನಲ್ಲಿ, ಕಣದಲ್ಲಿ, ಜೀಪು ದಾರಿಯಲ್ಲಿ ತೆಗೆದ 17 ಕಡೆಯೂ ವ್ಯತ್ಯಾಸ 5 ಸೆಂಟಿಮೀಟರ್ ಒಳಗೆ. ನಿಜ ಹೇಳುತ್ತೇನೆ, ನನಗೆ ಸ್ವಲ್ಪ ಬೇಜಾರಾಯಿತು. ನಾವು ಬಿಸಿಲಲ್ಲಿ ಬೆಂದು ಓದಿದ ಲೆವೆಲ್ಲಿಗೂ ಹಾರಿಕೊಂಡು ಹೋಗಿ ಬಂದ ಡಬ್ಬಿಗೂ ಎರಡು ಬೆರಳಿನ ಅಂತರ.

ಬೇಜಾರು ಬಹಳ ಹೊತ್ತು ಉಳಿಯಲಿಲ್ಲ. ರೊಬಸ್ಟಾ ಒಳಗೆ ತೆಗೆದ 19 ಕಡೆ 12ರಿಂದ 28 ಸೆಂಟಿಮೀಟರ್ ವ್ಯತ್ಯಾಸ, ಅದೂ ಪ್ರತಿ ಸಲ ಒಂದೇ ದಿಕ್ಕಿಗೆ: ಲೇಸರಿನ ನೆಲ ನಿಜವಾದ ನೆಲಕ್ಕಿಂತ ಮೇಲೆ. ಕಾರಣ ಕಷ್ಟದ್ದಲ್ಲ. ರೊಬಸ್ಟಾ ರೆಕ್ಕೆ ನೆಲಕ್ಕೆ ಬಾಗಿರುತ್ತದೆ, ಅಡಿಯಲ್ಲಿ ತರಗು ದಪ್ಪಗೆ ಬಿದ್ದಿರುತ್ತದೆ. ಬೆಳಕು ಅಲ್ಲೇ ನಿಂತರೆ ಕಂಪ್ಯೂಟರಿಗೆ ಅದೇ ನೆಲ. ಇವರ ವರದಿಯಲ್ಲಿ ದೊಡ್ಡಕ್ಷರದಲ್ಲಿ "ಚದರ ಮೀಟರಿಗೆ 180 ಬಿಂದು" ಅಂತ ಇದೆ. ಬಿಂದು ಅಂದರೆ ಬೆಳಕು ತಾಗಿ ಬಂದ ಒಂದೊಂದು ಜಾಗ, ಅದು ಎಲೆ, ರೆಂಬೆ, ಕಾಗೆ ಎಲ್ಲ ಸೇರಿ. ನೆಲದ ಬಿಂದು ಎಷ್ಟು ಅಂತ ಬೇರೆ ಮಾಡಿ ನೋಡಿದರೆ ಕಾಫಿ ಒಳಗೆ ನಾಲ್ಕೋ ಐದೋ. ಕೊಟೇಶನ್ ಕೇಳುವಾಗ ಈ ಎರಡನೇ ಸಂಖ್ಯೆ ಕೇಳಿ, ಮೊದಲನೆಯದನ್ನು ಅವರು ಹೇಗೂ ತಾವೇ ಹೇಳುತ್ತಾರೆ. ಮರಗಸಿ, ಅಂದರೆ ನೆರಳಿನ ಮರಗಳ ರೆಂಬೆ ಸವರುವುದು, ಆದ ಮೇಲೆ ಹಾರಿಸಿದ್ದರೆ ನೆಲದ ಬಿಂದು ಇನ್ನೂ ಸಿಗುತ್ತಿತ್ತು ಅಂತ ನನಗೆ ಆಮೇಲೆ ಹೊಳೆಯಿತು. ಅದನ್ನು ಹೇಳಬೇಕಾದವರು ಅವರು.

ಇಪ್ಪತ್ತು ಸೆಂಟಿಮೀಟರ್ ಅಂದರೆ ಒಂದು ಗೇಣು, ಅದಕ್ಕೇನು ಅನ್ನುವವರಿಗೆ ಲೆಕ್ಕ ಇಲ್ಲಿದೆ. ಆರು ಮೀಟರ್ ಅಗಲ, ಒಂದು ಕಿಲೋಮೀಟರ್ ಉದ್ದ, 20 ಸೆಂಟಿಮೀಟರ್: 1,200 ಘನ ಮೀಟರ್. ನಮ್ಮೂರಿನ ಸಣ್ಣ ಟಿಪ್ಪರಿನಲ್ಲಿ ಇನ್ನೂರು ಲೋಡು. ಕಡಿಯುವ ಕಡೆ ಇಲ್ಲದ ಮಣ್ಣಿಗೆ ಗುತ್ತಿಗೆದಾರನಿಗೆ ದುಡ್ಡು ಕೊಡುತ್ತೀರಿ, ತುಂಬುವ ಕಡೆ ಬೇಕಾದ ಮಣ್ಣು ಕಡಿಮೆ ಬೀಳುತ್ತದೆ. ನಾನು ಕಾಫಿ ಒಳಗಿನ ಲೆವೆಲ್ಲನ್ನೆಲ್ಲ 20 ಸೆಂಟಿಮೀಟರ್ ಇಳಿಸಿ ಅಂದಾಜು ಮಾಡಿಕೊಂಡೆ. ಒರಟು ಮದ್ದು, ಆದರೂ ಮದ್ದು.

ಅಸಲು ತಪ್ಪು ಇದ್ದದ್ದು ಹಳ್ಳದಲ್ಲಿ. ರಸ್ತೆ ಒಂದು ಕಡೆ ಹಳ್ಳ ದಾಟಬೇಕು, ಅಲ್ಲಿ ಮೋರಿ ಕಟ್ಟಬೇಕು. ಈ ಲೇಸರ್ ಬೆಳಕನ್ನು ನೀರು ಕುಡಿದುಬಿಡುತ್ತದೆ, ವಾಪಸು ಕೊಡುವುದಿಲ್ಲ. ಮೇಲೆ ಬಿದಿರು ಮುಚ್ಚಿದೆ. ಹಾಗಾಗಿ ಹಳ್ಳದ ತಳದಲ್ಲಿ ಬಿಂದುಗಳೇ ಇಲ್ಲ, ಬರೀ ತೂತು. ತೂತು ಅಂತ ಬಿಟ್ಟಿದ್ದರೆ ಅಡ್ಡಿಯಿರಲಿಲ್ಲ, ನಾನು ಹೋಗಿ ಅಳೆಯುತ್ತಿದ್ದೆ. ಇವರ ಸಾಫ್ಟ್‌ವೇರ್ ಈ ದಡಕ್ಕೂ ಆ ದಡಕ್ಕೂ ನೇರ ಗೆರೆ ಎಳೆದು ಚೆಂದಕ್ಕೆ ನೆಲ ಹಾಸಿಬಿಟ್ಟಿದೆ. ನಕ್ಷೆಯಲ್ಲಿ ಹಳ್ಳದ ತಳ ಇದ್ದದ್ದಕ್ಕಿಂತ 1.3 ಮೀಟರ್ ಮೇಲೆ. ಆ ಲೆವೆಲ್ಲಿಗೆ ಪೈಪು ಹಾಕಿದ್ದರೆ ನೀರು ಪೈಪಿನ ಬಾಯಿಗೆ ಏರುವುದಕ್ಕೇ ನಾಲ್ಕಡಿ ಮಡುಗಟ್ಟಬೇಕು, ಮೊದಲ ಆಶ್ಲೇಷಕ್ಕೇ ಮೋರಿ, ರಸ್ತೆ ಎಲ್ಲ ಟಾರು ರಸ್ತೆಗೆ ಬಂದು ಬೀಳುತ್ತಿತ್ತು. ಇದನ್ನು ಹೇಳಿದ್ದಕ್ಕೆ ಬಂದ ಉತ್ತರ: "ಸರ್, ನೀರಿರುವ ಜಾಗ ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಅಂತ ಕೊಟೇಶನ್ನಿನ ನಾಲ್ಕನೇ ಪುಟದಲ್ಲಿ ಇದೆ." ಇದೆ, ಸಾಸಿವೆ ಕಾಳಿನ ಅಕ್ಷರದಲ್ಲಿ. ರಸ್ತೆಗೆ ಸರ್ವೆ ಮಾಡುವವನು ಹಳ್ಳ ನನಗೆ ಸೇರಿದ್ದಲ್ಲ ಅಂದರೆ, ಮಲೆನಾಡಿನಲ್ಲಿ ಅವನಿಗೆ ಇನ್ನೇನು ಸೇರಿದ್ದು? ಕೊನೆಗೆ ಆ ಹಳ್ಳದ ಅಡ್ಡಕೊಯ್ತವನ್ನು ನಾನೂ ರೈಟರೂ ಮೊಣಕಾಲುದ್ದ ನೀರಿನಲ್ಲಿ ನಿಂತು ತೆಗೆದೆವು. ಬಿಲ್ಲಿನಲ್ಲಿ ಒಂದು ರೂಪಾಯಿ ಕಡಿಮೆ ಮಾಡಲಿಲ್ಲ.

ಇಷ್ಟೆಲ್ಲ ಬೈದ ಮೇಲೂ ದುಡ್ಡು ದಂಡವಾಯಿತು ಅಂತ ನಾನು ಹೇಳುವುದಿಲ್ಲ. ಅದಕ್ಕೆ ಕಾರಣ ಒಂದು ಚಿತ್ರ.

ಕಡತದ ಜೊತೆ ಒಂದು ಬೂದುಬಣ್ಣದ ಚಿತ್ರ ಬಂದಿತ್ತು. ಗಿಡಮರ ಕಳಚಿದ ಬೋಳು ಗುಡ್ಡಕ್ಕೆ ಓರೆಯಿಂದ ಬಿಸಿಲು ಬಿಟ್ಟ ಹಾಗೆ ನೆರಳು ಹಾಕಿರುತ್ತಾರೆ. ಮಗಳು ಅದನ್ನು ಕ್ಯುಜಿಐಎಸ್ ಅನ್ನುವ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ತೆರೆದುಕೊಟ್ಟಳು. (ಕಂಪನಿ ಕಳಿಸಿದ್ದು ಒಂದು ಹಾರ್ಡ್ ಡಿಸ್ಕು, ಪುಟಪುಟಕ್ಕೂ ಲೋಗೋ ಹೊಡೆದ ಇಂಗ್ಲಿಷ್ ವರದಿ. ಕ್ಯಾಡ್ ಫೈಲನ್ನು ಎರಡು ಸಲ ಕೇಳಿ ತರಿಸಿಕೊಳ್ಳಬೇಕಾಯಿತು. ದೊಡ್ಡ ಫೈಲು ತೆರೆಯಲು ಹೋಗಿ ನನ್ನ ಕಂಪ್ಯೂಟರು ಒಂದು ರಾತ್ರಿಯೆಲ್ಲ ಸ್ತಬ್ಧ.) ಮೂವತ್ತು ವರ್ಷ ಓಡಾಡಿದ ಗುಡ್ಡ, ನನಗೆ ಗುರುತೇ ಸಿಗಲಿಲ್ಲ. ಚರ್ಮ ಸುಲಿದ ಹಾಗಿತ್ತು.

ಮೊದಲು ಕಂಡದ್ದು ಒಂದು ಕುಡುಗೋಲಿನಾಕಾರದ ಗೆರೆ. ನಾನು ಮನಸ್ಸಿನಲ್ಲೇ ರಸ್ತೆ ಹಾಕಿಕೊಂಡಿದ್ದ ಮಗ್ಗುಲಿನಲ್ಲಿ, ಸುಮಾರು ಎಪ್ಪತ್ತು ಮೀಟರ್ ಅಗಲಕ್ಕೆ, ಮೇಲೆ ಕಡಿದಾದ ಅಂಚು, ಕೆಳಗೆ ಗಂಟುಗಂಟು ನೆಲ. ಗುಡ್ಡ ಹಿಂದೊಮ್ಮೆ ಜಾರಿ ನಿಂತ ಜಾಗ ಅದು. ಈಗ ಅಲ್ಲಿ ನಲವತ್ತು ವರ್ಷದ ಹಲಸಿನ ಮರಗಳಿವೆ, ಬರಿಗಣ್ಣಿಗೆ ಏನೂ ಗೊತ್ತಾಗದು. ಅದರ ಬುಡವನ್ನು ಹಿಟಾಚಿಯಲ್ಲಿ ಕೊರೆದಿದ್ದರೆ ಮಲಗಿದ್ದದ್ದನ್ನು ಎಬ್ಬಿಸಿದ ಹಾಗೆ. ನಾನು 31 ವರ್ಷದ ಅನುಭವಸ್ಥ, ಅಲ್ಲೇ ಗೂಟ ಹೊಡೆಯುವವನಿದ್ದೆ.

ಎರಡನೆಯದು ದಿಣ್ಣೆಯ ಆಚೆ ಮಗ್ಗುಲಿನಲ್ಲಿ. ಎಂಟಡಿ ಅಗಲದ ಒಂದು ಸಮತಟ್ಟು ಪಟ್ಟಿ, ಬೆಟ್ಟಕ್ಕೆ ಸುತ್ತು ಹಾಕಿದ ಉಡಿದಾರದ ಹಾಗೆ, 700 ಮೀಟರಿನಷ್ಟು ಉದ್ದ. ಏರು ಲೆಕ್ಕ ಹಾಕಿದೆ: ಹೆಚ್ಚುಕಡಿಮೆ ಇಪ್ಪತ್ತಕ್ಕೆ ಒಂದು! ಯಾರೋ ಅಳೆದು ಮಾಡಿದ ಹಾಗೆ. ನಮ್ಮ ಲೈನ್ ಮನೆಯಲ್ಲಿ, ಅಂದರೆ ತೋಟದ ಆಳುಗಳ ಸಾಲು ಮನೆಯಲ್ಲಿ, ಎಂಬತ್ತು ದಾಟಿದ ಅಜ್ಜಿಯೊಬ್ಬರಿದ್ದಾರೆ, ಅವರಿಗೆ ಲ್ಯಾಪ್‌ಟಾಪು ತೋರಿಸಿ ಎಲ್ಲಿ ಅಂತ ವಿವರಿಸಿದೆ. ಚಿತ್ರದ ಕಡೆ ನೋಡಲೇ ಇಲ್ಲ. "ಅದು ಗಾಡಿ ಜಾಡಲ್ವಾ ಅಯ್ಯಾ. ನಾವು ಹುಡುಗರಾಗಿದ್ದಾಗ ಆ ದಾರೀಲೇ ಕಾಫಿ ಮೂಟೆ ಇಳೀತಿತ್ತು. ಲಾರಿ ಬಂದ್ಮೇಲೆ ಯಾರೂ ಹೋಗ್ಲಿಲ್ಲ, ಮುಳ್ಳು ಬೆಳೀತು." ಎತ್ತಿನ ಗಾಡಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಬೇಕಿರಲಿಲ್ಲ, ಎತ್ತು ಎಲ್ಲಿ ಮುಕ್ಕರಿಸುತ್ತದೋ ಅಲ್ಲಿ ಏರು ಜಾಸ್ತಿ ಅಂತ ಅರ್ಥ. ಜಾರಿದ ಮಗ್ಗುಲನ್ನೂ ಅವರು ಬಿಟ್ಟೇ ಹೋಗಿದ್ದಾರೆ. ಅದೇ ಅಜ್ಜಿ ಇನ್ನೊಂದು ಹೇಳಿದರು, ಆ ಜಾಡಿನ ನಡುವೆ ಎರಡು ಕಡೆ ಪುನರ್ವಸು ಮಳೆಗೆ ಜಲ ಏಳುತ್ತದಂತೆ. ಫೆಬ್ರವರಿಯಲ್ಲಿ ಹಾರಿದ ಡ್ರೋನಿಗೆ ಅದು ಹೇಗೆ ಗೊತ್ತಾಗಬೇಕು? ಮಣ್ಣು ಎಂಥದ್ದು, ಎಷ್ಟು ಆಳಕ್ಕೆ ಬಂಡೆ ಅನ್ನುವುದೂ ಅಷ್ಟೇ, ಅದಕ್ಕೆ ಗುಂಡಿ ತೋಡಿಯೇ ನೋಡಬೇಕಾಯಿತು.

ಮೂರು ಬೇರೆಬೇರೆ ದಾರಿ ಹಾಕಿ, ಪ್ರತಿಯೊಂದಕ್ಕೂ ಹತ್ತು ಮೀಟರಿಗೊಂದು ಅಡ್ಡಕೊಯ್ತ ತೆಗೆದು, ಮಣ್ಣಿನ ಲೆಕ್ಕ ಮಾಡಲು ಒಂದು ಮಧ್ಯಾಹ್ನ ಸಾಕಾಯಿತು. ಸರ್ವಿಸಿನಲ್ಲಿ ಇಂಥ ಒಂದು ದಾರಿ ಬದಲಾಯಿಸಿ ಅಂದರೆ ಮತ್ತೆ ಒಂದು ತಿಂಗಳು ಗುಡ್ಡ ಹತ್ತಬೇಕಿತ್ತು, ಹಾಗಾಗಿ ಯಾರೂ ಬದಲಾಯಿಸುತ್ತಿರಲಿಲ್ಲ, ಮೊದಲು ಎಳೆದದ್ದೇ ಕೊನೆ. ಲೇಸರಿನ ಬೆಲೆ ಇರುವುದು ಇಲ್ಲಿ. ಮುಂಬೈ–ಅಹಮದಾಬಾದ್ ಬುಲೆಟ್ ರೈಲಿನ 508 ಕಿಲೋಮೀಟರಿಗೆ ಹೆಲಿಕಾಪ್ಟರಿನಿಂದ ಇದೇ ಲೇಸರ್ ಬಿಟ್ಟು, ಹತ್ತು ಹನ್ನೆರಡು ತಿಂಗಳು ಹಿಡಿಯುವ ನೆಲದ ಸರ್ವೆಯನ್ನು 12 ವಾರಕ್ಕೆ ಮುಗಿಸಿದರಂತೆ ಅಂತ ಪತ್ರಿಕೆಯಲ್ಲಿ ಓದಿದಾಗ ನಾನು ನಂಬಿರಲಿಲ್ಲ. ನನ್ನ ಮೊದಲ ದಾರಿಗೆ ಕಡಿಯಬೇಕಿದ್ದ ಮಣ್ಣು 11,400 ಘನ ಮೀಟರ್. ಗಾಡಿ ಜಾಡು ಹಿಡಿದು ಅಗಲ ಮಾಡಿದ ದಾರಿಗೆ 6,900. ಉಳಿದ ಹಿಟಾಚಿ ಗಂಟೆಯ ಬಾಡಿಗೆಯಲ್ಲೇ ಸರ್ವೆಯ ದುಡ್ಡು ಹುಟ್ಟಿ ಮೇಲೆ ಮಿಗುತ್ತದೆ.

ಅಂಕ ಕೊಡಲೇಬೇಕು ಅಂದರೆ ಹಾರಿಸಿದ ಹುಡುಗರಿಗೆ ಐದಕ್ಕೆ ಐದು, ಆಫೀಸಿಗೆ ಎರಡು. ಕರೆಸುವವರು ಅಡ್ವಾನ್ಸ್ ಕೊಡುವ ಮುಂಚೆ ಎತ್ತರ ಸಮುದ್ರಮಟ್ಟದಿಂದಲೇ ಬೇಕು ಅಂತ ಬರೆಸಿಕೊಳ್ಳಿ. ಹಳ್ಳದ ತಳ ಕೈಯಲ್ಲಿ ಅಳೆದು ಸೇರಿಸುವುದು ಅವರ ಕೆಲಸ ಅಂತಲೂ ಬರೆಸಿ. ನಿಮ್ಮೂರಲ್ಲಿ ಡಂಪಿ ಲೆವೆಲ್ ಓದಬಲ್ಲವರು ಯಾರಾದರೂ ಉಳಿದಿದ್ದರೆ ಎರಡು ದಿನ ಊಟ ಹಾಕಿ ಪರೀಕ್ಷೆ ಮಾಡಿಸಿ.

ಇನ್ನು ಏಳನೆಯವರ ವಿಷಯ. ಗಾಡಿ ಜಾಡು ಅವರ ತೋಟದ ಮೂಲೆಯಲ್ಲಿ 90 ಮೀಟರ್ ಹಾದುಹೋಗುತ್ತದೆ. ಆರು ಮೀಟರ್ ಅಗಲಕ್ಕೆ ಐದು ಗುಂಟೆ ಚಿಲ್ಲರೆ. ಎರಡು ಸಲ ಹೋಗಿ ಕೇಳಿದೆ, ಎರಡು ಸಲವೂ ಕಾಫಿ ಕೊಟ್ಟು ಬೇರೆ ಮಾತು ತೆಗೆದರು. ಅದೇ ಬೂದು ಚಿತ್ರದಲ್ಲಿ ಇನ್ನೊಂದು ಗೆರೆಯೂ ಕಂಡಿತ್ತು. ನಮಗೂ ಅವರಿಗೂ ನಡುವಿನ ಹಳೆಯ ಅಗಳು, ಗಡಿಗೆ ತೋಡಿದ ಕಂದಕ. ಮಣ್ಣು ತುಂಬಿ, ಮೇಲೆ ಕಾಫಿ ಎದ್ದು ಯಾವ ಕಾಲವಾಯಿತೋ, ಆದರೂ ಲೇಸರಿಗೆ ಒಂದು ಗೇಣು ತಗ್ಗು ಸಿಕ್ಕಿದೆ. ಅವರ ಕಲ್ಲುಕಂಬದ ಬೇಲಿ ಅದರಿಂದ ಹನ್ನೆರಡು ಅಡಿ ನಮ್ಮ ಕಡೆಗಿದೆ, 110 ಮೀಟರ್ ಉದ್ದಕ್ಕೆ. ನಾಲ್ಕು ಗುಂಟೆಗೆ ಒಂದಿಷ್ಟು ಕಡಿಮೆ. ಈ ಚಿತ್ರ ಹಿಡಿದುಕೊಂಡು ಸರ್ವೆ ಆಫೀಸಿಗೆ ಹೋದರೆ ಯಾರೂ ಮೂಸುವುದಿಲ್ಲ. ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸಿಕೊಡಲು, ಅರ್ಜಿ ಕೊಟ್ಟು, ಹಳೆಯ ಸರ್ವೆಯ ಟಿಪ್ಪಣಿ ತೆಗೆಸಿ, ಸರ್ಕಾರಿ ಸರ್ವೆಯರ್ ಬಂದು ಅಳೆಯಬೇಕು. ನಾನು ಅದನ್ನು ಮಾಡುವವನೂ ಅಲ್ಲ, ಯಾರಿಗೂ ಹೇಳಲೂ ಇಲ್ಲ. ನಮ್ಮ ರೈಟರ್ ಮಾತ್ರ ಶುಕ್ರವಾರದ ಸಂತೆಗೆ ಹೋಗಿದ್ದರು.

ಮೇ ತಿಂಗಳಲ್ಲಿ ಒಂದು ಸಂಜೆ ಏಳನೆಯವರು ದೊಡ್ಡ ಹಲಸಿನಹಣ್ಣೊಂದನ್ನು ಹೊರಿಸಿಕೊಂಡು ಬಂದರು. ಜಗಲಿಯಲ್ಲಿ ಕೂತು ಮಳೆ, ಮೆಣಸಿನ ರೇಟು, ಮೊಮ್ಮಗನ ಕಾಲೇಜು ಎಲ್ಲ ಮುಗಿದ ಮೇಲೆ ಕೇಳಿದರು:

"ಇಂಜಿನಿಯರ್ರೇ, ಅದೆಂಥದೋ ಫೋಟೋದಲ್ಲಿ ಹಳೇ ಅಗಳು ಕಾಣುತ್ತಂತಲ್ಲ?"

ತೋರಿಸಿದೆ. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಬೇಲಿ ನಮ್ಮಪ್ಪ ಹಾಕಿಸಿದ್ದು. ನನಗೆ ಗೊತ್ತಿರಲಿಲ್ಲ."

"ನನಗೂ ಗೊತ್ತಿರಲಿಲ್ಲ, ಬಿಡಿ" ಅಂದೆ.

"ರಸ್ತೆಗೆ ಎಷ್ಟು ಬೇಕು ಅಂದ್ರಿ?"

"ಐದು ಗುಂಟೆ ಚಿಲ್ಲರೆ."

"ನಾಲ್ಕು ಅದರಲ್ಲೇ ವಜಾ ಹಾಕ್ಕೊಳ್ಳಿ. ಇನ್ನೊಂದು ಚಿಲ್ಲರೆ ಹೋದ್ರೆ ಹೋಗ್ಲಿ." ಎದ್ದು ಚಪ್ಪಲಿ ಮೆಟ್ಟಿಕೊಂಡವರು ಮತ್ತೆ ತಿರುಗಿದರು. "ಆ ಹೆಲಿಕಾಪ್ಟರ್ ದುಡ್ಡು ಮನೆಗೆ ಎಷ್ಟಾಗಿತ್ತು?"

ಲೆವೆಲ್ ಬುಕ್ಕಿನ ಹಿಂದಿನ ಪುಟದಲ್ಲಿ ಭಾಗಾಕಾರ ಮಾಡಿ ತೋರಿಸಿದೆ. ಏಳು ಮನೆಯಾದರೆ ತಲಾ 23,600. ಚಿಲ್ಲರೆ ಉಳಿಯುವುದಿಲ್ಲ.